ಸುಂಕದವನ ಮುಂದೆ

2025ರ ದೀಪಾವಳಿಗೆ ಇನ್ನೂ ಮೂರು ವಾರಗಳಿರುವಾಗ ಸಿರುಗುಪ್ಪದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆನು. ಪಡಸಾಲೆಯ ನಡುವೆ ಒಂದು ರಟ್ಟಿನ ಪೆಟ್ಟಿಗೆ. ಅದರ ಸುತ್ತ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಡಬ್ಬಿಗಳು. ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ, ಗರಿಗರಿಯಾಗಿ ಒಣಗಿಸಿದ ಸಜ್ಜೆಯ ರೊಟ್ಟಿ, ಕರ್ಜಿಕಾಯಿಗೆಂದು ಕಲಸಿಟ್ಟ ಹೂರಣ, ಅಳಿಯನಿಗಾಗಿ ಬಳ್ಳಾರಿಯಲ್ಲಿ ಹೊಲಿಸಿದ ಎರಡು ಜೀನ್ಸ್ ಪ್ಯಾಂಟುಗಳು. ಮದುವೆಯಾಗಿ ದುಬೈ ಸೇರಿ ಮೂರು ವರ್ಷಗಳಾದ ಮಗಳಿಗೆ ಹಬ್ಬದ ಬುತ್ತಿಯನ್ನು ಕಳುಹಿಸುವ ಸಂಭ್ರಮದಲ್ಲಿ ಅಕ್ಕನಿಗೆ ಆ ದಿನ ಊಟದ ಪರಿವೆಯೂ ಇರಲಿಲ್ಲ. ಅಂಚೆ ಕಚೇರಿಯಿಂದ ತಂದ ಸುಂಕದ ಘೋಷಣಾಪತ್ರವನ್ನು ನನ್ನ ಕೈಗಿಟ್ಟು, ಒಳಗಿರುವ ಪದಾರ್ಥಗಳ ವಿವರವನ್ನು ಕೇಳುವ ಅಂಕಣದಲ್ಲಿ ಏನು ಬರೆಯಲೆಂದು ನಾನು ವಿಚಾರಿಸಿದಾಗ, ತಲೆಯನ್ನೂ ಎತ್ತದೆ ಆಕೆ ಹೇಳಿದಳು: “ಮನಿ ಸಾಮಾನು ಅಂತ ಬರದುಬಿಡೋ ತಮ್ಮಾ. ಸುಂಕದವನ ಮುಂದ ಸುಖದುಃಖ ಹೇಳಿಕೊಂಡು ಏನಾಗಬೇಕೈತಿ?”

ಈ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗನು ಇರಲಾರನು. ಆದರೆ ಕಡಲಾಚೆಗೆ ಹೋಗುವ ಮತ್ತು ಕಡಲಾಚೆಯಿಂದ ಬರುವ ಕಟ್ಟುಗಳ ವಿಷಯದಲ್ಲಿ ಈ ಗಾದೆಯನ್ನು ನಂಬಿ ನಡೆದವರು ಪಟ್ಟ ಕಷ್ಟವನ್ನು ನಾನು ಕಣ್ಣಾರೆ ಕಂಡಿರುವುದರಿಂದ, ಸುಂಕದವನ ಮುಂದೆ ಹೇಳಿಕೊಳ್ಳಬೇಕಾದ ಸಂಗತಿಯೊಂದು ಈಗ ಇದೆಯೆಂಬುದನ್ನು, ಅದನ್ನು ಸ್ಪಷ್ಟವಾಗಿಯೂ ಸತ್ಯವಾಗಿಯೂ ಹೇಳದಿದ್ದರೆ ತಾಯಿಯ ಕೈಯ ಹಿಂಡಿ ಮಗನ ಬಾಯನ್ನು ಸೇರಲಾರದೆಂಬುದನ್ನು ಇಂದು ತಮ್ಮಲ್ಲಿ ನಿವೇದಿಸಬೇಕೆಂದಿದ್ದೇನೆ.

ಹಳೆಯ ಸುಂಕದಕಟ್ಟೆಗಳ ಕಾಲವನ್ನು ಮೊದಲು ನೆನೆಯೋಣ. ನಮ್ಮ ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ದೊಡ್ಡಬಸವೇಶ್ವರನ ಬೃಹತ್ ನಂದಿಯನ್ನು ನೋಡಲು ಹೋದವರು ಅಲ್ಲಿಯ ಬೆಟ್ಟದ ಬುಡದ ಹಳೆಯ ಗುಡಿಗಳನ್ನೂ ಕಂಡಿರಬಹುದು. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳೂ, ಸುಂಕವೆರ್ಗಡೆಯೆಂಬ ಅಧಿಕಾರಿಯ ಹೆಸರೂ ಪರಿಚಿತವಾಗಿರುತ್ತವೆ. ಎತ್ತಿನ ಮೇಲೆ ಹೇರು, ಹೇರಿಗೆ ಇಷ್ಟೆಂದು ಸುಂಕ. ಕೆಲವು ವೇಳೆ ಆ ಸುಂಕದಲ್ಲಿ ಒಂದು ಭಾಗವನ್ನು ದೇವರ ನಂದಾದೀವಿಗೆಗೆಂದು ಬಿಟ್ಟುಕೊಟ್ಟ ಉದಾಹರಣೆಗಳೂ ಶಾಸನಗಳಲ್ಲಿ ಉಂಟು. ಶರಣರ ಗಣದಲ್ಲಿ ಸುಂಕದ ಬಂಕಣ್ಣನೆಂಬವನು ಸುಂಕ ವಸೂಲಿಯ ಕಾಯಕದಲ್ಲಿದ್ದು, ಅದರ ಪರಿಭಾಷೆಯನ್ನೇ ವಚನಗಳಲ್ಲಿ ಬಳಸಿದನು. ಸುಂಕದವನೆಂದರೆ ಹೃದಯಶೂನ್ಯನೆಂಬ ಭಾವನೆಗೆ ಇವನೊಬ್ಬನೇ ಸಾಕಷ್ಟು ಉತ್ತರವಾಗಿದ್ದಾನೆ. ಆದರೂ ಗಾದೆ ನಿಂತಿತು; ನಿಲ್ಲುವುದಕ್ಕೆ ಕಾರಣವೂ ಇತ್ತು. ಆ ಸುಂಕದಕಟ್ಟೆಯಲ್ಲಿ ಹೇರು ಅಧಿಕಾರಿಯ ಕಣ್ಣೆದುರಿಗೇ ಇರುತ್ತಿತ್ತು; ಚೀಲದ ಬಾಯಿ ಬಿಚ್ಚಿದರೆ ಮೆಣಸೋ ಅಡಕೆಯೋ ತಿಳಿದುಹೋಗುತ್ತಿತ್ತು; ವ್ಯಾಪಾರಿಯ ಮಾತು ಅವನಿಗೆ ಬೇಕಿರಲಿಲ್ಲ. ಇಂದಿನ ಸುಂಕದವನ ಸ್ಥಿತಿ ಇದಕ್ಕೆ ವಿಪರೀತವಾದುದು. ಅವನ ಮುಂದಿರುವುದು ಮುಚ್ಚಿದ ಪೆಟ್ಟಿಗೆ. ಕ್ಷ-ಕಿರಣದ ಯಂತ್ರ ಒಳಗೊಂದು ಪುಡಿಯ ಪೊಟ್ಟಣವಿದೆಯೆಂದಷ್ಟೇ ಹೇಳೀತು. ಅದು ಗುರೆಳ್ಳಿನ ಪುಡಿಯೋ ಮತ್ತೊಂದೋ ಎಂಬುದನ್ನು ಹೇಳಬೇಕಾದುದು ಹೊರಗೆ ಅಂಟಿಸಿದ ಆ ಒಂದು ಚೀಟಿಯೇ. ಮಾಲಿನ ಒಡೆಯನು ಪಕ್ಕದಲ್ಲಿ ನಿಂತಿಲ್ಲ. ಸಾವಿರಾರು ಮೈಲಿಗಳ ಆಚೆ ಇದ್ದಾನೆ. ಅವನ ಪರವಾಗಿ ಮಾತನಾಡುವ ಬಾಯಿ ಆ ಚೀಟಿಗೆ ಮಾತ್ರ ಇದೆ.

ಆ ಚೀಟಿಗೂ ಒಂದು ಹಿನ್ನೆಲೆಯಿದೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಜಾಗತಿಕ ಅಂಚೆ ಒಕ್ಕೂಟವನ್ನು ಕಟ್ಟಿದವು. 1876ರಲ್ಲಿ ಭಾರತವೂ ಅದನ್ನು ಸೇರಿತು. ಆ ಒಕ್ಕೂಟದ ಏರ್ಪಾಡಿನಂತೆ, ಕಡಿಮೆ ಬೆಲೆಯ ಕಟ್ಟಿಗೆ ಸಿಎನ್ 22 ಎಂಬ ಸಣ್ಣ ಚೀಟಿಯನ್ನೂ, ಹೆಚ್ಚಿನ ಬೆಲೆಯದಕ್ಕೆ ಸಿಎನ್ 23 ಎಂಬ ದೊಡ್ಡ ಪತ್ರವನ್ನೂ ಇಂದು ಜಗತ್ತಿನಾದ್ಯಂತ ಅಂಚೆಯವರು ಉಪಯೋಗಿಸುತ್ತಾರೆ. ಒಳಗಿರುವುದೇನು, ಎಷ್ಟು, ತೂಕವೆಷ್ಟು, ಬೆಲೆಯೆಷ್ಟು, ಉಡುಗೊರೆಯೋ ಮಾರಾಟದ ಸರಕೋ—ಇಷ್ಟನ್ನೇ ಅದು ಕೇಳುವುದು. ಬಳ್ಳಾರಿಯ ಅಂಚೆ ಕಚೇರಿಯಲ್ಲಿ ನಾವು ತುಂಬುವ ಪತ್ರ ಬರ್ಲಿನ್ನಿನ ಅಧಿಕಾರಿಗೂ ದುಬೈಯ ಅಧಿಕಾರಿಗೂ ಅರ್ಥವಾಗುವುದೆಂದರೆ, ಅದೊಂದು ಸಣ್ಣ ಅದ್ಭುತವೆಂದೇ ನಾನು ಭಾವಿಸಿದ್ದೇನೆ.

ಪರದೇಶದಲ್ಲಿರುವವನಿಗೆ ಮನೆಯಿಂದ ಬರುವ ಕಟ್ಟು ಎಷ್ಟು ದೊಡ್ಡದೆಂಬುದನ್ನು ನಮ್ಮ ಬಳ್ಳಾರಿ ಬಹು ಹಿಂದಿನಿಂದಲೇ ಬಲ್ಲದು. 1810ರಲ್ಲಿ ಇಲ್ಲಿಗೆ ಬಂದು ನೆಲೆಸಿ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನಂತಹವರಿಗೆ ಸ್ವದೇಶದ ಪೆಟ್ಟಿಗೆಗಳು ತಿಂಗಳುಗಟ್ಟಲೆ ಹಡಗಿನಲ್ಲಿ ತೇಲಿ, ತರುವಾಯ ಎತ್ತಿನ ಗಾಡಿಗಳಲ್ಲಿ ಒಳನಾಡಿಗೆ ಬರಬೇಕಾಗಿದ್ದಿತು. ಇನ್ನೊಂದು ಸಂಗತಿ ನನ್ನ ಮನಸ್ಸನ್ನು ವಿಶೇಷವಾಗಿ ತಟ್ಟಿದೆ. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸಾಮ್ರಾಜ್ಯದ ಸೈನಿಕರನ್ನು ನಮ್ಮ ಬಳ್ಳಾರಿಯ ಶಿಬಿರದಲ್ಲಿ ಇಟ್ಟಿದ್ದರು. 1917ರಲ್ಲಿ ರೆಡ್ ಕ್ರಾಸಿನ ಪ್ರತಿನಿಧಿಗಳು ಇಲ್ಲಿಗೆ ಬಂದು ಅವರ ಯೋಗಕ್ಷೇಮವನ್ನು ವಿಚಾರಿಸಿ ಹೋದರು. ಅದಕ್ಕೆ ಹತ್ತು ವರ್ಷಗಳ ಮುಂಚೆಯೇ, 1907ರ ಹೇಗ್ ಒಪ್ಪಂದದ 16ನೆಯ ವಿಧಿಯಲ್ಲಿ, ಯುದ್ಧಕೈದಿಗಳಿಗೆ ಬರುವ ಉಡುಗೊರೆ ಮತ್ತು ಪರಿಹಾರ ಸಾಮಗ್ರಿಗಳು ಆಮದು ಸುಂಕದಿಂದ ಮುಕ್ತವಾಗಿರತಕ್ಕದ್ದೆಂದು ರಾಷ್ಟ್ರಗಳು ಬರೆದುಕೊಂಡಿದ್ದವು. ಶತ್ರುವೆಂದು ಸೆರೆಯಲ್ಲಿಟ್ಟವನಿಗೂ ಮನೆಯ ಕಟ್ಟು ಸುಂಕವಿಲ್ಲದೆ ತಲುಪಬೇಕೆಂದು ಕಾನೂನೇ ಆಡಿದ ಮಾತಿದು. ಬಳ್ಳಾರಿಯ ಬೋಳುಗುಡ್ಡದ ಬಿಸಿಲಿನಲ್ಲಿ ಕುಳಿತಿದ್ದ ಆ ತುರ್ಕಿ ಸೆರೆಯಾಳಿಗೆ ಅಂತಹ ಕಟ್ಟು ಬಂದಿತೋ ಇಲ್ಲವೋ, ಬರಬೇಕೆಂದು ಜಗತ್ತು ಒಪ್ಪಿಕೊಂಡಿತ್ತೆಂಬುದೇ ನನಗೆ ದೊಡ್ಡದಾಗಿ ತೋರುತ್ತದೆ.

ಈಗ ನಮ್ಮ ಕಡೆಗೆ ಬರುವ ಕಟ್ಟುಗಳ ಮಾತನ್ನಾಡೋಣ. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಕೂಡಿತೆಂಬುದು ತಮಗೆ ತಿಳಿದಿದೆ. ಅಂದಿಗೆ ಜಾರಿಯಲ್ಲಿದ್ದುದು 1878ರ ಸಮುದ್ರ ಸುಂಕದ ಶಾಸನ. ಇಂದು ನಡೆಯುತ್ತಿರುವುದು 1962ರ ಸೀಮಾಸುಂಕ ಅಧಿನಿಯಮ. ಅಂಚೆಯ ಕಟ್ಟಾದರೆ ವಿದೇಶ ಅಂಚೆ ಕಚೇರಿಯಲ್ಲಿ ಸುಂಕದ ಅಧಿಕಾರಿಗಳು ಅದನ್ನು ಪರಿಶೀಲಿಸಿ, ವಸ್ತುವಿನ ಬೆಲೆ, ಸಾಗಣೆಯ ವೆಚ್ಚ, ವಿಮೆ ಇವುಗಳ ಒಟ್ಟು ಮೊತ್ತದ ಮೇಲೆ ಸುಂಕವನ್ನು ನಿಗದಿಮಾಡುತ್ತಾರೆ. ಅದನ್ನು ನಮ್ಮ ಬಾಗಿಲಿಗೆ ಬರುವ ಅಂಚೆಯಣ್ಣನೇ ವಸೂಲು ಮಾಡಿ ಕಟ್ಟನ್ನು ಕೈಗೆ ಕೊಡುತ್ತಾನೆ. ಬೆಲೆಯ ಬಗ್ಗೆ ಸಂಶಯ ಬಂದರೆ ರಸೀತಿಯನ್ನೋ ವಿವರಣೆಯನ್ನೋ ಕೇಳಿ ಪತ್ರ ಬರುತ್ತದೆ. ಕೊರಿಯರಿನ ಮೂಲಕ ಬಂದರೆ, ತೆಗೆದುಕೊಳ್ಳುವವರ ಗುರುತಿನ ದಾಖಲೆಯನ್ನು ಕೊರಿಯರಿನವರು ಕೇಳುವುದುಂಟು. ಅದು ನಿಯಮದಂತೆ ಕೇಳುವುದೇ.

ಬಹುಜನರು ಎಡವುವುದು ಉಡುಗೊರೆಯೆಂಬ ಶಬ್ದದಲ್ಲಿ. ಒಂದು ಕಾಲದಲ್ಲಿ ಒಂದು ಮಿತಿಯವರೆಗಿನ ಉಡುಗೊರೆಗೆ ಸುಂಕದ ವಿನಾಯಿತಿಯಿತ್ತು. ವಿದೇಶದ ಆನ್‌ಲೈನ್ ಅಂಗಡಿಗಳಿಂದ ಹಣ ಕೊಟ್ಟು ಕೊಂಡ ಸರಕುಗಳ ಮೇಲೆಯೂ ಉಡುಗೊರೆಯೆಂದು ಬರೆದು ಕಳುಹಿಸುವ ಪದ್ಧತಿ ಬೆಳೆದುದರಿಂದ, 2019ರ ಡಿಸೆಂಬರ್ 12ರ ಪ್ರಕಟಣೆಯಂತೆ, ಅಂಚೆಯಲ್ಲಿಯೋ ಕೊರಿಯರಿನಲ್ಲಿಯೋ ಉಡುಗೊರೆಯೆಂಬ ಹೆಸರಿನಲ್ಲಿ ಸುಂಕದ ವಿನಾಯಿತಿ ಪಡೆದು ವಸ್ತುಗಳನ್ನು ತರಿಸುವುದನ್ನು ಭಾರತ ಸರಕಾರ ನಿಲ್ಲಿಸಿತು. ಎರಡಕ್ಕೆ ಮಾತ್ರ ರಿಯಾಯಿತಿ ಉಳಿಯಿತು: ಜೀವರಕ್ಷಕ ಔಷಧಿಗಳಿಗೆ ಒಂದು, ರಾಖಿಗೆ ಇನ್ನೊಂದು. ರಾಖಿಯೊಡನೆ ಬರುವ ಉಡುಗೊರೆಗಲ್ಲ, ರಾಖಿಗೆ ಮಾತ್ರ. ಪೂರ್ತಿ ಸುಂಕವನ್ನು ತೆತ್ತರೆ ಉಡುಗೊರೆಯನ್ನು ಪಡೆಯಲು ಅಡ್ಡಿಯಿಲ್ಲ. ಲೆಕ್ಕಹಾಕಿದ ಸುಂಕ 100 ರೂಪಾಯಿಯನ್ನು ಮೀರದಿದ್ದರೆ ಅದನ್ನು ವಸೂಲು ಮಾಡಲಾಗದೆಂದು ಕಾಯಿದೆಯೇ ಹೇಳುತ್ತದೆ. ಕಾನೂನಿನ ಒಣ ಭಾಷೆಯ ನಡುವೆ ತಂಗಿಯ ಕೈಯ ಒಂದೆಳೆ ನೂಲಿಗೆ ಹೀಗೆ ಸ್ಥಾನ ದೊರಕಿರುವುದನ್ನು ಓದಿದಾಗ ನನಗೆ ಸಂತೋಷವಾಯಿತು. ಕೆಲವರು ಚೀಟಿಯ ಮೇಲೆ ಬರೆದ ಸುಳ್ಳಿನಿಂದ ಸಹಸ್ರಾರು ಅಜ್ಜಿ ತಾತಂದಿರ ಪಾಲಿನ ರಿಯಾಯಿತಿ ಹೋಯಿತಲ್ಲಾ ಎಂದು ವ್ಯಸನವೂ ಆಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಆಸ್ಟ್ರಿಯದ ಕೋರೆಕ್ಸ್ ವಿಧಾನ ಬಂದ ಕಾಲದಿಂದಲೂ ನಮ್ಮ ಸೀಮೆಯಲ್ಲಿ ಪರದೇಶದ ತಂತ್ರಜ್ಞರು ಬಂದು ವಾಸಮಾಡುವುದುಂಟು. ಕ್ರಿಸ್‌ಮಸ್ಸಿಗೆ ಊರಿನಿಂದ ಬರುವ ಪೆಟ್ಟಿಗೆಗೂ ಸುಂಕ ಏತಕ್ಕೆಂದು ಅವರು ಬೆರಗಾದರೆ, ಈ ನಿಯಮವನ್ನು ಅವರಿಗೆ ವಿವರಿಸಿ, ಕಳುಹಿಸುವವರು ಸರಿಯಾದ ಬೆಲೆಯನ್ನು ನಮೂದಿಸುವಂತೆ ಹೇಳುವುದು ನೆರೆಹೊರೆಯವರಾದ ನಮ್ಮ ಕರ್ತವ್ಯ.

2021ರ ಬೇಸಗೆಯನ್ನು ಇಲ್ಲಿ ನೆನೆಯದಿರಲಾರೆನು. ತೋರಣಗಲ್ಲಿನಿಂದ ದ್ರವರೂಪದ ಆಮ್ಲಜನಕವನ್ನು ಹೊತ್ತ ಟ್ಯಾಂಕರುಗಳು ಹಗಲಿರುಳೆನ್ನದೆ ಊರೂರಿಗೆ ಓಡುತ್ತಿದ್ದ ಆ ದಿನಗಳಲ್ಲಿ, ಹೊರದೇಶದಲ್ಲಿದ್ದ ಮಕ್ಕಳು ತಂದೆತಾಯಿಗಳಿಗಾಗಿ ಆಮ್ಲಜನಕ ಸಾಂದ್ರಕ ಯಂತ್ರಗಳನ್ನು ಕಳುಹಿಸಲು ಹಾತೊರೆದರು. ಏಪ್ರಿಲ್ 30ರಂದು ಸರಕಾರ ಈ ಯಂತ್ರವನ್ನು ಸ್ವಂತ ಉಪಯೋಗಕ್ಕೆ ಉಡುಗೊರೆಯಾಗಿ ತರಿಸಲು ಜುಲೈ 31ರವರೆಗೆ ಅನುಮತಿಯನ್ನು ನೀಡಿತು. ಜೀವರಕ್ಷಕ ಔಷಧಿ, ರಾಖಿ, ಮೂರನೆಯದಾಗಿ ಉಸಿರು. ಸುಂಕದವನು ಸುಖದುಃಖವನ್ನು ಕೇಳುವುದಿಲ್ಲವೆಂಬ ಗಾದೆ ಆ ಮೂರು ತಿಂಗಳಾದರೂ ಸುಳ್ಳಾಗಿತ್ತು.

ನಮ್ಮಿಂದ ಹೊರಗೆ ಹೋಗುವ ಕಟ್ಟಿನ ವಿಷಯ ಇನ್ನೂ ಸೂಕ್ಷ್ಮವಾದುದು. ಏಕೆಂದರೆ ಅಲ್ಲಿ ಸುಂಕವನ್ನೂ ದಂಡನೆಯನ್ನೂ ಎದುರಿಸಬೇಕಾದವರು ಕಳುಹಿಸಿದ ನಾವಲ್ಲ, ಪಡೆಯುವ ನಮ್ಮ ಮಕ್ಕಳು. ಕುರುಗೋಡಿನ ನನ್ನ ಸ್ನೇಹಿತರೊಬ್ಬರು ಜರ್ಮನಿಯಲ್ಲಿ ಓದುತ್ತಿರುವ ಮಗನಿಗೆ ಕಳುಹಿಸಿದ ಕಟ್ಟಿನ ಮೇಲೆ ಗೃಹೋಪಯೋಗಿ ವಸ್ತುಗಳೆಂದಷ್ಟೇ ಬರೆದು, ಬೆಲೆಯ ಅಂಕಣದಲ್ಲಿ ಸೊನ್ನೆಯನ್ನು ಹಾಕಿದ್ದರು. ಕಟ್ಟು ಅಲ್ಲಿಯ ಸುಂಕದ ಕಚೇರಿಯಲ್ಲಿ ನಿಂತಿತು. ರಸೀತಿಯನ್ನು ತೆಗೆದುಕೊಂಡು ಬಾ ಎಂದು ಹುಡುಗನಿಗೆ ಸೂಚನೆ ಬಂದಿತು. ತಾಯಿ ಕುಟ್ಟಿದ ಕೆಂಪು ಖಾರಕ್ಕೆ ರಸೀತಿಯನ್ನು ಅವನು ಎಲ್ಲಿಂದ ತರಬೇಕು? ಪರೀಕ್ಷೆಯ ದಿನಗಳಾದುದರಿಂದ ಹೋಗಿ ವಿವರಿಸಲು ಅವನಿಗೆ ಸಾಧ್ಯವಾಗಲಿಲ್ಲ. ಗಡುವು ಮೀರಿ ಕಟ್ಟು ಹಿಂದಿರುಗಿತು. ಕುರುಗೋಡಿನ ಮನೆಯಲ್ಲಿ ಅದನ್ನು ಬಿಚ್ಚಿದಾಗ ಎಣ್ಣೆ ಕಮಟಿಹೋಗಿದ್ದ ಹಿಂಡಿಯನ್ನು ನೋಡಿ ಆ ತಾಯಿ ಏನನ್ನೂ ಆಡದೆ ಒಳಗೆ ಹೋದದ್ದನ್ನು ನಾನು ಮರೆತಿಲ್ಲ.

ಬೆಲೆಯ ಅಂಕಣದ ಮುಂದೆ ನಮ್ಮ ತಾಯಂದಿರೆಲ್ಲರೂ ತಡವರಿಸುತ್ತಾರೆ. “ಇದಕ್ಕೇನು ಬೆಲಿ? ಮನ್ಯಾಗ ಮಾಡಿದ್ದು” ಎಂಬ ಮಾತಿನಲ್ಲಿ ಕಪಟವೇನೂ ಇಲ್ಲ; ಮಾರುವುದಕ್ಕಲ್ಲದ ವಸ್ತುವಿಗೆ ಬೆಲೆ ಕಟ್ಟುವುದು ಅವರ ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ಸೊನ್ನೆಯೆಂಬ ಅಂಕೆಯನ್ನು ಓದುವ ಅಧಿಕಾರಿಗೆ ಅದು ವಾತ್ಸಲ್ಯದ ಗುರುತಾಗಿ ತೋರದೆ, ಏನನ್ನೋ ಮರೆಮಾಚಿದ ಗುರುತಾಗಿ ತೋರುತ್ತದೆ. ಅದೇ ಪದಾರ್ಥವನ್ನು ಪೇಟೆಯಲ್ಲಿ ಕೊಂಡಿದ್ದರೆ ಏನು ತೆರಬೇಕಾಗಿತ್ತೋ ಅದನ್ನು ಬರೆಯುವುದೇ ನ್ಯಾಯ. ಶೇಂಗಾ, ಒಣಕೊಬ್ಬರಿ, ಬೆಳ್ಳುಳ್ಳಿ, ಮೆಣಸಿನಕಾಯಿ ಇವುಗಳ ಲೆಕ್ಕ ಯಾವ ಗೃಹಿಣಿಗೆ ತಿಳಿಯದು? ಹಾಗೆ ಸತ್ಯವಾಗಿ ಬರೆದರೆ ಬಹುಮಟ್ಟಿಗೆ ನಷ್ಟವೂ ಇಲ್ಲ. ಯೂರೋಪಿನ ಒಕ್ಕೂಟದಲ್ಲಿ ಒಬ್ಬ ವ್ಯಕ್ತಿ ಮತ್ತೊಬ್ಬನಿಗೆ ಕಳುಹಿಸುವ 45 ಯೂರೋವರೆಗಿನ ಉಡುಗೊರೆಗೂ, ಬ್ರಿಟನ್ನಿನಲ್ಲಿ 39 ಪೌಂಡಿನವರೆಗಿನ ಉಡುಗೊರೆಗೂ ಸುಂಕ ತೆರಿಗೆಗಳ ಭಾರವಿಲ್ಲ. ಹಿಂಡಿ ರೊಟ್ಟಿಗಳ ನಿಜವಾದ ಬೆಲೆ ಈ ಮಿತಿಗಳೊಳಗೇ ಸುಖವಾಗಿ ಅಡಗುತ್ತದೆ. ಹೀಗಿರುವಾಗ ಸೊನ್ನೆಯನ್ನು ಬರೆದು ಮಗನನ್ನು ಕಚೇರಿಗೆ ಅಲೆಸುವುದೇತಕ್ಕೆ?

ಹೆಸರಿನ ವಿಷಯವೂ ಹಾಗೆಯೇ. ಚಟ್ನಿಪುಡಿಯೆಂದರೆ ಹೊರಗಿನವನಿಗೆ ಅರ್ಥವಾಗುವುದಿಲ್ಲ. ಹುರಿದ ಶೇಂಗಾ ಮತ್ತು ಒಣ ಮೆಣಸಿನಕಾಯಿಯ ಪುಡಿ, ಮನೆಯಲ್ಲಿ ತಯಾರಿಸಿದ್ದು, 500 ಗ್ರಾಂ ಎಂದು ಬಿಡಿಸಿ ಬರೆದರೆ, ಅದನ್ನು ಬಿಡಬಹುದೋ ಬಾರದೋ ಎಂಬುದನ್ನು ಅವನು ನಿರ್ಣಯಿಸಬಲ್ಲನು. ಬಿಡಬಾರದ ಪದಾರ್ಥಗಳೂ ಇವೆಯೆಂಬುದನ್ನು ಮರೆಯಬಾರದು. ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಯೂರೋಪಿನ ದೇಶಗಳೂ ಬ್ರಿಟನ್ನೂ ನಮ್ಮಿಂದ ಹೋಗುವ ಕಟ್ಟುಗಳಲ್ಲಿ ಒಪ್ಪುವುದಿಲ್ಲ. ಪೇಢಾ ಎಷ್ಟೇ ರುಚಿಯಾಗಿರಲಿ, ಅದು ಅಲ್ಲಿ ಹಾಲಿನ ಪದಾರ್ಥವೇ. ನಮ್ಮ ಗುರೆಳ್ಳಿನ ಕಥೆ ಇನ್ನೂ ಸ್ವಾರಸ್ಯವಾದುದು. ಗುರೆಳ್ಳಿನ ಬೀಜದೊಡನೆ ಕಸ್ಕ್ಯೂಟವೆಂಬ, ಹಳದಿಯ ನೂಲಿನಂತೆ ಗಿಡಗಳನ್ನು ಹಬ್ಬಿ ಹೀರುವ ಪರಾವಲಂಬಿ ಬಳ್ಳಿಯ ಬೀಜ ಬೆರೆತು ಬರುವುದೆಂಬ ಭಯದಿಂದ, ಅಮೆರಿಕ ದೇಶ ಆ ಬೀಜವನ್ನು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ನಿಮಿಷ ಕಾಯಿಸಿದ ಹೊರತು ಒಳಗೆ ಬಿಡಬಾರದೆಂದು ವಿಧಿಸಿದೆ. ನಮ್ಮ ಹೊಲದ ರೈತನಿಗೆ ಈ ಬಳ್ಳಿಯ ಉಪದ್ರವ ಗೊತ್ತು. ಅವನು ಅಮೆರಿಕದ ಈ ನಿಯಮವನ್ನು ಕೇಳಿದರೆ ತಪ್ಪೆನ್ನಲಾರನು. ಆದಕಾರಣ ಹುರಿಯದ ಗುರೆಳ್ಳನ್ನು ಪುಡಿ ಮಾಡಿಕೊಳ್ಳಲೆಂದು ಯಾರಿಗೂ ಕಳುಹಿಸಬೇಡಿರಿ.

ಅಮೆರಿಕದ ಮಾತು ಬಂದುದರಿಂದ ಒಂದೆರಡು ನುಡಿ. 2025ರ ಆಗಸ್ಟ್ 29ರಿಂದ ಆ ದೇಶ 800 ಡಾಲರುಗಳವರೆಗಿನ ಸರಕಿಗೆ ಕೊಟ್ಟಿದ್ದ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ರದ್ದುಮಾಡಿತು. ಸುಂಕವನ್ನು ವಸೂಲು ಮಾಡುವ ಏರ್ಪಾಡು ಸ್ಪಷ್ಟವಾಗದೆ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಕಟ್ಟುಗಳ ರವಾನೆಯನ್ನು ನಿಲ್ಲಿಸಬೇಕಾಯಿತು. ಸುಂಕವನ್ನು ಇಲ್ಲಿಯೇ ಮುಂಚಿತವಾಗಿ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಡನೆ ಅದು ಪುನಃ ಆರಂಭವಾದುದು ಅಕ್ಟೋಬರ್ 15ರಂದು, ದೀಪಾವಳಿಗೆ ಕೆಲವೇ ದಿನಗಳಿರುವಾಗ. ಅಕ್ಕನ ನೆರೆಮನೆಯವರ ಪೆಟ್ಟಿಗೆ ಆ ಅವಧಿಯಲ್ಲಿ ಅಟ್ಟದ ಮೇಲೆಯೇ ಕುಳಿತಿತ್ತು. ಅಲ್ಲಿಯೂ 100 ಡಾಲರುಗಳವರೆಗಿನ ನಿಜವಾದ ಉಡುಗೊರೆಗೆ ಸುಂಕವಿಲ್ಲವೆಂಬುದು ಆ ಮನೆಯವರಿಗೆ ತಿಳಿದಾಗ ಎಷ್ಟೋ ಸಮಾಧಾನವಾಯಿತು.

ಇನ್ನೊಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ತಮ್ಮ ಹೆಸರಿಗೆ ವಿದೇಶದಿಂದ ಬೆಲೆಬಾಳುವ ಕಟ್ಟು ಬಂದಿದೆ, ಸುಂಕವನ್ನು ಈ ಖಾತೆಗೆ ಕಟ್ಟಿರಿ ಎಂದೋ, ತಮ್ಮ ಕಟ್ಟಿನಲ್ಲಿ ಮಾದಕ ದ್ರವ್ಯ ಸಿಕ್ಕಿದೆ, ಬಂಧಿಸುತ್ತೇವೆ ಎಂದೋ ದೂರವಾಣಿಯಲ್ಲಿ ಹೆದರಿಸುವವರು ಹೆಚ್ಚಿದ್ದಾರೆ. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು, ಮಗ ಪರದೇಶದಲ್ಲಿರುವುದರಿಂದ ನಿಜವಿದ್ದರೂ ಇರಬಹುದೆಂದು ನಡುಗಿ, ಪಿಂಚಣಿಯ ಹಣವನ್ನು ತೆಗೆಯಲು ಬ್ಯಾಂಕಿನವರೆಗೆ ಹೋಗಿದ್ದರು, ಸೊಸೆ ತಡೆದಳು. ಸೀಮಾಸುಂಕದ ಅಧಿಕಾರಿ ಯಾರೊಬ್ಬರ ಸ್ವಂತ ಖಾತೆಗೂ ಹಣ ಹಾಕೆಂದು ಫೋನು ಮಾಡುವುದಿಲ್ಲ. ಇಲಾಖೆಯ ಪತ್ರಗಳಲ್ಲಿ 2019ರಿಂದ ಡಿನ್ ಎಂಬ ದಾಖಲೆ ಸಂಖ್ಯೆಯಿರುತ್ತದೆ. ಅದನ್ನು ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಹೆದರಿಕೆಯಾದರೆ ಫೋನನ್ನು ಇಟ್ಟುಬಿಡಿರಿ. ಮನೆಯ ಕಿರಿಯರನ್ನು ಕರೆಯಿರಿ.

ಈಗ ಸಿರುಗುಪ್ಪದ ಪಡಸಾಲೆಗೆ ಹಿಂದಿರುಗೋಣ. ಅಕ್ಕನ ಮಾತಿನಂತೆ ಮನೆಯ ಸಾಮಾನೆಂದು ಬರೆಯಲು ನಾನು ಒಪ್ಪಲಿಲ್ಲ. ಒಂದೊಂದೇ ಡಬ್ಬಿಯನ್ನು ಎತ್ತಿ, ಅದರಲ್ಲಿ ಏನೇನು ಹಾಕಿದ್ದಾಳೆಂದು ಕೇಳುತ್ತ ಹೋದೆನು. ಕರ್ಜಿಕಾಯಿಯ ಹೂರಣಕ್ಕೆ ಬಂದಾಗ ಆಕೆ ಎಣಿಸಿದಳು: ಕೊಬ್ಬರಿ, ಸಕ್ಕರೆ, ಪುಟಾಣಿ, ಏಲಕ್ಕಿ, ಗಸಗಸೆ. ನನ್ನ ಕೈ ನಿಂತಿತು. ಗಸಗಸೆ ನಮಗೆ ಪಾಯಸದ ಪದಾರ್ಥ. ಅಫೀಮಿನ ಗಿಡದ ಬೀಜವಾದುದರಿಂದ ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಅದು ನಿಷಿದ್ಧ. ಹಾಗೆ ಸಿಕ್ಕಿಬಿದ್ದರೆ ತೊಂದರೆಗೆ ಒಳಗಾಗುವವಳು ಹಬ್ಬದ ಬುತ್ತಿಗಾಗಿ ಕಾದಿರುವ ಮಗಳು. ಚೀಟಿಯಲ್ಲಿ ಮನೆಯ ಸಾಮಾನೆಂದು ಬರೆದಿದ್ದರೆ ಈ ಮಾತು ನಮ್ಮ ನಡುವೆ ಬರುತ್ತಲೇ ಇರಲಿಲ್ಲ. ಸುಂಕದವನಿಗೆ ಹೇಳಲೆಂದು ಹೊರಟದ್ದರಿಂದಲೇ ನಮಗೂ ತಿಳಿಯಿತು.

ಅಕ್ಕ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. “ಗಸಗಸಿ ಇಲ್ಲದ ಕರ್ಜಿಕಾಯಿ ಏನು ಕರ್ಜಿಕಾಯಿಯೋ?” ಎಂದಳು. ಅನಂತರ ಎದ್ದು, ಆ ಹೂರಣವನ್ನು ಮನೆಯ ಹಬ್ಬಕ್ಕೆಂದು ತೆಗೆದಿಟ್ಟು, ಒರಳು, ಬಾಣಲೆಗಳನ್ನು ತೊಳೆದು, ಎಳ್ಳನ್ನು ಹುರಿದು ಹೊಸದಾಗಿ ಕಲಸಿದಳು. ಸಂಜೆಯಾಗುವಾಗ ಕರ್ಜಿಕಾಯಿಗಳು ಎಣ್ಣೆಯಿಂದ ಎದ್ದವು. ಮರುದಿನ ಬಳ್ಳಾರಿಯ ಅಂಚೆ ಕಚೇರಿಯಲ್ಲಿ ಗುಮಾಸ್ತರು ಪತ್ರವನ್ನು ನೋಡಿ, ಇಷ್ಟು ವಿವರವಾಗಿ ಯಾರೂ ಬರೆಯುವುದಿಲ್ಲವಮ್ಮಾ ಎಂದಾಗ, ಅಕ್ಕ ಕನ್ನಡಕವನ್ನು ಸರಿಪಡಿಸಿಕೊಂಡು, ಬರೆದುದನ್ನು ಅವರ ಎದುರಿಗೆ ತಾನೇ ಒಮ್ಮೆ ಓದಿದಳು: ಶೇಂಗಾ ಪುಡಿ, ಹುರಿದ ಗುರೆಳ್ಳಿನ ಪುಡಿ, ಸಜ್ಜೆಯ ಒಣ ರೊಟ್ಟಿ, ಕೊಬ್ಬರಿ ಸಕ್ಕರೆ ಎಳ್ಳು ತುಂಬಿದ ಕರಿದ ತಿಂಡಿ, ಹತ್ತಿಯ ಪ್ಯಾಂಟು ಎರಡು; ಉಡುಗೊರೆ, ಮಗಳಿಗೆ.